ಕಚೇರಿಗೂ ಗಿರಿಗೂ ಒಂದೇ ಸೈಕಲ್ ಸಾಕಾಗುವುದೇ?

ಪ್ರಶ್ನೆ: ಹಿರೇಮಗಳೂರು ಸವಾರ

ಎಲ್ಲರಿಗೂ ನಮಸ್ಕಾರ.

ನಾನು ಹಿರೇಮಗಳೂರಿನ ನಿವಾಸಿ. ಎಂಟು ತಿಂಗಳಿಂದ ಚಿಕ್ಕಮಗಳೂರು ಪೇಟೆಯ ಆಚೆ ಬದಿಯಲ್ಲಿರುವ ಕಚೇರಿಗೆ ಸೈಕಲ್ಲಿನಲ್ಲಿಯೇ ಹೋಗಿಬರುತ್ತಿದ್ದೇನೆ. ಹೋಗಲು ಆರು ಕಿಲೋಮೀಟರ್, ಬರಲು ಆರು. ಹಿರಿಯ ಮಗಳ ಊರಿನಿಂದ ಕಿರಿಯ ಮಗಳ ಊರಿಗೆ ದಿನಾ ಹೋಗಿಬರುವವನೆಂದು ನಮ್ಮ ತಾಯಿ ಹೇಳುತ್ತಿರುತ್ತಾರೆ. ಭಾನುವಾರ ಬೆಳಕು ಹರಿದೊಡನೆ ಬಾಲ್ಯದ ಮೂವರು ಗೆಳೆಯರೊಂದಿಗೆ ಅದೇ ಸೈಕಲ್ ಹತ್ತಿ ಗಿರಿಯ ಕಡೆಗೆ ಹೊರಡುತ್ತೇನೆ. ಕೆಲವೊಮ್ಮೆ ಹಿರೇಕೊಳಲೆ ಕೆರೆಯ ಏರಿಯವರೆಗೆ ಹೋಗಿ ಹಿಂದಿರುಗುತ್ತೇವೆ, ಮೈಯಲ್ಲಿ ಕಸುವಿರುವ ದಿನ ಕೈಮರ ದಾಟಿ ಮೇಲಕ್ಕೆ ಹೋಗುತ್ತೇವೆ.

ಕೈಮರದಿಂದ ಮೇಲೆ ನಮ್ಮ ಮಾತು ತಾನಾಗಿ ನಿಂತುಹೋಗುತ್ತದೆ. ನಾಲ್ವರ ಉಸಿರು ಮತ್ತು ಚೈನಿನ ಸದ್ದು ಮಾತ್ರ ಉಳಿಯುತ್ತದೆ. ಕಳೆದ ಮಾರ್ಚಿನಲ್ಲಿ ಹೂಮಳೆ ಬಿದ್ದ ಹತ್ತನೆಯ ದಿನ ಹೋಗಿದ್ದೆವು. ರಸ್ತೆಯ ಎರಡೂ ಬದಿಯ ಕಾಫಿ ಗಿಡಗಳು ಬೆಳ್ಳಗೆ ಹೂಬಿಟ್ಟಿದ್ದವು, ಏರಿನಲ್ಲಿ ಬಾಯಿ ತೆರೆದು ಉಸಿರೆಳೆದುಕೊಳ್ಳುವಾಗ ಆ ಪರಿಮಳ ನಾಲಿಗೆಗೂ ತಾಗಿದಂತಿತ್ತು. ಈ ರಸ್ತೆಯಲ್ಲಿ ನೂರಾರು ಬಾರಿ ವಾಹನದಲ್ಲಿ ಹೋಗಿದ್ದ ನನಗೆ ಅದು ಅಂದೇ ಗೊತ್ತಾಯಿತು.

ನನ್ನ ಪ್ರಶ್ನೆಗಳು ಮೂರು. ಮೊದಲನೆಯದು, ಭಾನುವಾರ ಹಗುರವೆನಿಸುವ ಇದೇ ಸೈಕಲ್ ಸೋಮವಾರ ಕಚೇರಿಯ ದಾರಿಯಲ್ಲಿ ಮಣಭಾರವಾಗುವುದೇಕೆ? ಎರಡನೆಯದು, ಗಿರಿಯಿಂದ ಇಳಿಯುವಾಗ ಬ್ರೇಕನ್ನು ಪೂರ್ತಿ ಹಿಡಿದರೂ ಸೈಕಲ್ ಬೇಗ ನಿಲ್ಲುವುದಿಲ್ಲ. ಕಳೆದ ಬಾರಿ ಒಂದು ತಿರುವಿನಲ್ಲಿ ಮಣ್ಣಿನ ಅಂಚಿನವರೆಗೂ ಸರಿದುಹೋಗಿ ಗೆಳೆಯರೆಲ್ಲ ಗಾಬರಿಯಾದರು. ಮೂರನೆಯದು, ಆರಿದ್ರಾ ಮಳೆ ಹಿಡಿದ ಮೇಲೆ ಸೈಕಲ್ಲನ್ನು ಮೂಲೆಗೆ ಒರಗಿಸಬೇಕೇ? ನನ್ನದು 29 ಇಂಚಿನ ಚಕ್ರ, ಮುಂದಿನ ಫೋರ್ಕಿಗೆ ಮಾತ್ರ ಸಸ್ಪೆನ್ಷನ್, ಮುಂದೆ ಮೂರು ಹಿಂದೆ ಏಳು ಗೇರ್, ತಂತಿಯ ಡಿಸ್ಕ್ ಬ್ರೇಕ್. ಕಚೇರಿಗೆಂದು ಬೇರೊಂದು ಸೈಕಲ್ ಕೊಳ್ಳುವಂತೆ ಗೆಳೆಯರು ಒತ್ತಾಯಿಸುತ್ತಿದ್ದಾರೆ. ನನಗೆ ಇದೊಂದೇ ಇರಲಿ ಎಂಬ ಆಸೆ.

ಉತ್ತರ: ಹಳೆಯ ಮೆಕ್ಯಾನಿಕ್

ಸೈಕಲ್ ರಿಪೇರಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ, ಆ ಅನುಭವದಿಂದ ಬರೆಯುತ್ತಿದ್ದೇನೆ. ನಿಮ್ಮ ಸೋಮವಾರದ ಭಾರಕ್ಕೆ ಕಾರಣ ಬಹುಪಾಲು ಟೈರಿನ ಗಾಳಿ. ಮಣ್ಣಿನ ದಾರಿಗೆ ಗಾಳಿ ಇಳಿಸಿದ ಅಗಲವಾದ ಹಲ್ಲಿನ ಟೈರು ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ, ಟಾರಿನ ಮೇಲೆ ಅದೇ ಗುಣ ಹಿಡಿದೆಳೆಯುವ ಗುಣವಾಗುತ್ತದೆ. ನಿಮ್ಮ ತೂಕ ಎಪ್ಪತ್ತರ ಆಸುಪಾಸಿನಲ್ಲಿದ್ದರೆ ಭಾನುವಾರಕ್ಕೆ 30 ಪಿಎಸ್‌ಐ ಸಾಕು. ಕಚೇರಿಯ ದಿನಗಳಲ್ಲಿ 45ರಿಂದ 50ರವರೆಗೆ ತುಂಬಿಸಿ, ಆದರೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನು ಮೀರಬೇಡಿ. ಮೀಟರ್ ಇರುವ ನಿಲ್ಲಿಸುವ ಪಂಪು ಮನೆಯಲ್ಲಿರಲಿ. ಬೆರಳಲ್ಲಿ ಅದುಮಿ ಅಂದಾಜು ಮಾಡುವ ಅಭ್ಯಾಸವನ್ನು ನಾನೂ ಬಹಳ ಕಾಲ ನಂಬಿದ್ದೆ, ಮೀಟರ್ ಬಂದ ಮೇಲೆ ಅದು ಎಷ್ಟು ತಪ್ಪೆಂದು ತಿಳಿಯಿತು. ಇನ್ನೊಂದು, ಫೋರ್ಕಿನ ಬಲಗಾಲಿನ ಮೇಲ್ತುದಿಯಲ್ಲಿ ತಿರುಗಿಸುವ ಗುಂಡಿ ಇದ್ದರೆ ಪೇಟೆಯಲ್ಲಿ ಅದನ್ನು ಬಿಗಿಮಾಡಿ. ಇಲ್ಲದಿದ್ದರೆ ಪ್ರತಿ ತುಳಿತದಲ್ಲಿಯೂ ಸ್ವಲ್ಪ ಶಕ್ತಿ ಸ್ಪ್ರಿಂಗನ್ನು ಕುಣಿಸುವುದರಲ್ಲಿಯೇ ಕಳೆದುಹೋಗುತ್ತದೆ.

ಏರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ನೆತ್ತಿ ಸುಮಾರು 1,930 ಮೀಟರ್. ನಿಮ್ಮಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಿಕ್ಕ ಗೇರ್ ಚಕ್ರಕ್ಕೆ 24 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಹಲ್ಲು ಇರುತ್ತದೆ. ಹಾಗಿದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ ಹೆಚ್ಚುಕಡಿಮೆ ಎರಡು ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಏಳು ಕಿಲೋಮೀಟರ್. ಕಡಿದಾದ ಏರಿನಲ್ಲಿ ಆ ವೇಗವನ್ನು ಕಾಯ್ದುಕೊಳ್ಳಲಾಗದೆ ಮೊಣಕಾಲು ನೋಯಿಸಿಕೊಂಡವರು ನನ್ನ ಬಳಿ ಅನೇಕರು ಬಂದಿದ್ದಾರೆ. ಹಿಂದೆ 34 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಅದೇ ತುಳಿತಕ್ಕೆ ವೇಗ ಆರರ ಒಳಗೆ ಬರುತ್ತದೆ, ಏರು ಹತ್ತುವವನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಅಷ್ಟು ದೊಡ್ಡ ಚಕ್ರವನ್ನು ನಿಮ್ಮ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ, ತಾಳುತ್ತದೆಯೇ ಎಂದು ಮೊದಲು ತೋರಿಸಿಕೊಳ್ಳಿ.

ಬ್ರೇಕಿನ ವಿಚಾರವನ್ನು ದಯವಿಟ್ಟು ಮುಂದೂಡಬೇಡಿ. ತಂತಿಯ ಡಿಸ್ಕ್ ಬ್ರೇಕುಗಳಲ್ಲಿ ಹೆಚ್ಚಿನವಕ್ಕೆ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ, ಇನ್ನೊಂದು ಇದ್ದಲ್ಲಿಯೇ ಇರುತ್ತದೆ. ಸವೆದಂತೆಲ್ಲ ಆ ನಿಂತ ಪ್ಯಾಡನ್ನು ಒಳಬದಿಯಿಂದ ಅಲೆನ್ ಕೀಲಿಯಲ್ಲಿ ತಿರುಗಿಸಿ ಡಿಸ್ಕಿನ ಹತ್ತಿರಕ್ಕೆ ತರಬೇಕು. ಅನೇಕರು ತಂತಿಯನ್ನಷ್ಟೇ ಬಿಗಿಮಾಡುತ್ತಾರೆ. ಆಗ ಚಲಿಸುವ ಪ್ಯಾಡು ಡಿಸ್ಕನ್ನು ಬಗ್ಗಿಸಿಕೊಂಡು ಆಚೆಯದನ್ನು ಮುಟ್ಟಬೇಕಾಗುತ್ತದೆ, ಹಿಡಿತ ಸಿಗುವ ಮೊದಲೇ ಲಿವರ್ ಹ್ಯಾಂಡಲ್ಲಿಗೆ ತಾಗುತ್ತದೆ. ನಿಮಗೆ ಆಗಿರುವುದು ಇದೇ ಇರಬಹುದು. ಇಳಿಜಾರಿನ ಉದ್ದಕ್ಕೂ ಬ್ರೇಕನ್ನು ಹಿಡಿದೇ ಇರಬೇಡಿ. ತಿರುವಿಗೆ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ, ಬಿಸಿಯಾದ ಡಿಸ್ಕಿಗೆ ಗಾಳಿಯಾಡಲಿ. ಬೆಟ್ಟದ ಸೈಕಲ್ ಹುಟ್ಟಿದ್ದೇ ಈ ಬಿಸಿಯ ನಡುವೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಮಲ್ಪೈಸ್ ಬೆಟ್ಟದ ಸೀಮೆಯಲ್ಲಿ ಗೆಳೆಯರ ಗುಂಪೊಂದು ಹಳೆಯ ಭಾರದ ಸೈಕಲ್ಲುಗಳನ್ನು ಮಣ್ಣಿನ ದಾರಿಯಲ್ಲಿ ಇಳಿಸುತ್ತಿತ್ತು. ಅವುಗಳ ಹಿಂದಿನ ಹಬ್ಬಿನೊಳಗಿದ್ದ ಬ್ರೇಕು ಒಂದೇ ಇಳಿತಕ್ಕೆ ಎಷ್ಟು ಕಾಯುತ್ತಿತ್ತೆಂದರೆ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ತುಂಬಿಸಬೇಕಾಗುತ್ತಿತ್ತು. 1976ರಲ್ಲಿ ಅವರು ಆರಂಭಿಸಿದ ಇಳಿಜಾರಿನ ಪಂದ್ಯಕ್ಕೆ ಆ ಕೆಲಸದಿಂದಲೇ ‘ರೀಪ್ಯಾಕ್’ ಎಂಬ ಹೆಸರು ಬಂತು.  ಬ್ರೇಕು ಸರಿಯಿದ್ದರೆ ನಿಮಗೆ ಒಂದೇ ಸೈಕಲ್ ಸಾಕು.

ಉತ್ತರ: ಬೇಲೂರು ರಸ್ತೆ

ಮೆಕ್ಯಾನಿಕ್ ಅವರ ಮಾತನ್ನು ಗೌರವದಿಂದಲೇ ಒಪ್ಪದಿರಲು ಬಯಸುತ್ತೇನೆ. ಒಳ್ಳೆಯ ಟೈರು ಮತ್ತು ಪ್ಯಾಡುಗಳನ್ನು ಪೇಟೆಯ ಟಾರಿನ ಮೇಲೆ ಸವೆಸುವುದು ನಷ್ಟ. ನಾನು ನಮ್ಮ ತಂದೆಯವರ ಕಾಲದ ಕರಿಯ ಸೈಕಲ್ಲಿಗೆ ಹೊಸ ಬೇರಿಂಗ್ ಹಾಕಿಸಿ ಕೆಲಸಕ್ಕೆ ಬಳಸುತ್ತೇನೆ. ಗೇರಿಲ್ಲ, ಆದರೆ ಚೈನಿಗೆ ಪೂರ್ತಿ ಕವಚವಿದೆ, ಉದ್ದನೆಯ ಮಡ್‌ಗಾರ್ಡ್ ಇದೆ, ಗಟ್ಟಿಯಾದ ಕ್ಯಾರಿಯರ್ ಇದೆ. ಮಳೆಗಾಲದಲ್ಲಿ ಅದಕ್ಕಿಂತ ನಂಬಿಕಸ್ತ ಸೈಕಲ್ ನನಗೆ ಕಂಡಿಲ್ಲ.

ಉತ್ತರ: ಹಾಸನದ ಶಿಕ್ಷಕಿ

ಸವಾರರೇ, ನಿಮ್ಮ ಮೊದಲ ಪ್ರಶ್ನೆಗೆ ಗಾಳಿಯ ಹೊರತಾಗಿ ಇನ್ನೊಂದು ಉತ್ತರವೂ ಇದೆಯೆಂದು ನನಗೆ ತೋರುತ್ತದೆ. ನಾನು ಹಾಸನದಿಂದ ಒಂಬತ್ತು ಕಿಲೋಮೀಟರ್ ದೂರದ ಶಾಲೆಗೆ ನಾಲ್ಕು ವರ್ಷಗಳಿಂದ ಸೈಕಲ್ಲಿನಲ್ಲಿ ಹೋಗುತ್ತಿದ್ದೇನೆ. ಮೊದಲ ಆರು ತಿಂಗಳು ರಾಷ್ಟ್ರೀಯ ಹೆದ್ದಾರಿ 75ರ ಅಂಚಿನಲ್ಲಿಯೇ ಹೋಗುತ್ತಿದ್ದೆ. ಲಾರಿಗಳ ಗಾಳಿಗೆ ಸೈಕಲ್ ತೂಗಾಡುವಾಗ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು, ಶಾಲೆ ಮುಟ್ಟುವ ಹೊತ್ತಿಗೆ ಕಾಲಿಗಿಂತ ಹೆಗಲೇ ಹೆಚ್ಚು ಸೋತಿರುತ್ತಿತ್ತು. ಒಂದು ದಿನ ವಿದ್ಯಾರ್ಥಿಯೊಬ್ಬನ ತಂದೆ ಹೊಲಗಳ ನಡುವಿನ ಹಳ್ಳಿ ರಸ್ತೆಯನ್ನು ತೋರಿಸಿಕೊಟ್ಟರು. ಎರಡು ಕಿಲೋಮೀಟರ್ ಸುತ್ತು, ಹತ್ತು ನಿಮಿಷ ಹೆಚ್ಚು; ಅಂದಿನಿಂದ ಹೆದ್ದಾರಿಯನ್ನು ನಾನು ಅಡ್ಡ ದಾಟುವುದು ಮಾತ್ರ. ಮುಂಗಾರಿನ ಆರಂಭದಲ್ಲಿ ಆಲೂಗೆಡ್ಡೆ ಬಿತ್ತಿದ ಸಾಲುಗಳು, ಮುಂದೆ ಜೋಳ, ಕಾರ್ತಿಕದ ಹೊತ್ತಿಗೆ ರಾಗಿಯ ತೆನೆ, ಹೀಗೆ ವಾರದಿಂದ ವಾರಕ್ಕೆ ಹೊಲ ಬದಲಾಗುವುದನ್ನು ನೋಡುತ್ತಾ ಹೋಗುತ್ತೇನೆ, ತರಗತಿಯಲ್ಲಿ ಮಕ್ಕಳೊಂದಿಗೆ ಮಾತು ಅಲ್ಲಿಂದಲೇ ಆರಂಭವಾಗುತ್ತದೆ. ನೀವು ಪ್ರವಾಸಿಗರ ವಾಹನಗಳು ಕಿಕ್ಕಿರಿದಿರುವ ಮುಖ್ಯ ರಸ್ತೆಯಲ್ಲಿ ಹೋಗುತ್ತಿದ್ದರೆ ಒಳದಾರಿಯೊಂದನ್ನು ಹುಡುಕಿಕೊಳ್ಳಿ.

ಮಳೆಗಾಲಕ್ಕೆ ನನ್ನ ಏರ್ಪಾಡು ಸರಳವಾಗಿದೆ. ಒಣ ಬಟ್ಟೆಯ ಒಂದು ಜೊತೆ ಮತ್ತು ಟವೆಲ್ ಶಾಲೆಯ ಬೀರುವಿನಲ್ಲಿ ಸದಾ ಇರುತ್ತವೆ. ಮಕ್ಕಳ ನೋಟುಪುಸ್ತಕಗಳನ್ನು ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕ್ಯಾರಿಯರಿಗೆ ಬಿಗಿಯುತ್ತೇನೆ. ದೀಪವನ್ನು ಹಗಲಿನಲ್ಲಿಯೂ ಉರಿಸುತ್ತೇನೆ, ಏಕೆಂದರೆ ಮೋಡ ಕವಿದ ಬೆಳಗಿನಲ್ಲಿ ಬೂದುಬಣ್ಣದ ಮಳೆಯಂಗಿ ತೊಟ್ಟವರು ಎದುರಿನವರಿಗೆ ಕಾಣುವುದೇ ಇಲ್ಲ. ಮಳೆಯಲ್ಲಿ ತೋಯ್ದ ಚೈನನ್ನು ಅಂದೇ ಸಂಜೆ ಒರೆಸಿ ಎಣ್ಣೆ ಹಾಕದಿದ್ದರೆ ಮರುದಿನವೇ ಕೆಂಪಗೆ ತುಕ್ಕು ಕಾಣುತ್ತದೆ.

ಗೆಳೆಯರ ಬಗ್ಗೆಯೂ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಗೊರೂರಿನ ಹೇಮಾವತಿ ಹಿನ್ನೀರು ಇಳಿದಾಗ ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಶೆಟ್ಟಿಹಳ್ಳಿಯ ಹಳೆಯ ಚರ್ಚಿನವರೆಗೆ ಹೋಗುತ್ತೇವೆ. ಮಳೆಗಾಲದಲ್ಲಿ ನೀರಿನೊಳಗೆ ನಿಲ್ಲುವ ಆ ಗೋಡೆಗಳ ಸುತ್ತ ಆಗ ಒಣಗಿ ಬಿರಿದ ಕೆರೆಯಂಗಳದಂಥ ನೆಲವಿರುತ್ತದೆ. ನಮ್ಮಲ್ಲಿ ನಾನು ಯಾವಾಗಲೂ ಕೊನೆಯವಳು. ಮೊದಮೊದಲು ಮುಂದಿನವರಿಬ್ಬರೂ ಕಾದು ನಿಂತು, ನಾನು ತಲುಪಿದೊಡನೆ ಹೊರಟುಬಿಡುತ್ತಿದ್ದರು. ಅವರಿಗೆ ಐದು ನಿಮಿಷದ ವಿಶ್ರಾಂತಿ ಸಿಗುತ್ತಿತ್ತು, ಅದು ನಿಜಕ್ಕೂ ಬೇಕಾಗಿದ್ದ ನನಗೆ ಒಂದು ಗುಟುಕು ನೀರಿಗೂ ಬಿಡುವಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಈಗ ಕೊನೆಯವರು ‘ಹೊರಡೋಣ’ ಎಂದ ಮೇಲೆಯೇ ನಾವು ಹೊರಡುವುದು. ನಿಮ್ಮ ನಾಲ್ವರಲ್ಲಿ ಕೊನೆಯವರು ಯಾರೆಂದು ಒಮ್ಮೆ ಗಮನಿಸಿ ನೋಡಿ.

ಉತ್ತರ: ಆಲ್ದೂರಿನ ತೋಟದವನು

ಗಿರಿಯ ಕಡೆ, ತೋಟಗಳ ಕಡೆ ಬರುವ ಯುವಕರನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ಎಂಜಿನ್ನಿನ ಸದ್ದಿಲ್ಲದೆ ಬರುವವರು ನಮ್ಮ ಹಕ್ಕಿಗಳಿಗೂ ಹಿತವರು. ಆದರೂ ಕೆಲವು ಮಾತು ಹೇಳಬೇಕು. ತೋಟದೊಳಗಿನ ಜೀಪು ದಾರಿ ನಕ್ಷೆಯಲ್ಲಿ ಕಂಡಿತೆಂದ ಮಾತ್ರಕ್ಕೆ ಅದು ಸಾರ್ವಜನಿಕ ರಸ್ತೆಯಲ್ಲ. ಗೇಟಿನ ಬಳಿ ನಿಂತು ತೋಟದ ಲೆಕ್ಕ ಬರೆಯುವ ರೈಟರನ್ನೋ ಮೇಸ್ತ್ರಿಯನ್ನೋ ಕೇಳಿ. ಬಹುತೇಕರು ಒಪ್ಪುತ್ತಾರೆ, ಕೆಲವರು ಕಾಫಿಯನ್ನೂ ಕೊಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೊಯ್ಯುವಾಗ ದಾರಿಯ ತುಂಬ ಚೀಲ ಹೊತ್ತ ಆಳುಗಳಿರುತ್ತಾರೆ, ಆಗ ಬರಬೇಡಿ. ಫೆಬ್ರವರಿ, ಮಾರ್ಚಿನಲ್ಲಿ ಸ್ಪ್ರಿಂಕ್ಲರಿನ ಪೈಪುಗಳು ದಾರಿಗೆ ಅಡ್ಡಲಾಗಿರುತ್ತವೆ, ಸಿಲ್ವರ್ ಓಕಿನ ತರಗೆಲೆ ಅವುಗಳನ್ನು ಮುಚ್ಚಿರುತ್ತದೆ.

ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಸೀಮೆಯ ತೋಟಗಳಲ್ಲಿ ಆನೆಗಳಿವೆ. ಸೈಕಲ್ ಸದ್ದು ಮಾಡದೆ ಹೋಗುತ್ತದೆಂಬುದೇ ಅಲ್ಲಿ ಅಪಾಯ, ಆನೆಗೆ ನಿಮ್ಮ ಸುಳಿವು ಸಿಗುವುದಿಲ್ಲ, ನಿಮಗೆ ಅದರ ಸುಳಿವು ಸಿಗುವುದಿಲ್ಲ. ಆ ಭಾಗದಲ್ಲಿ ಚೆನ್ನಾಗಿ ಬೆಳಕಾಗುವ ಮೊದಲು ಹೊರಡಬೇಡಿ, ಅರಣ್ಯ ಇಲಾಖೆಯ ಎಚ್ಚರಿಕೆಯನ್ನು ನೋಡಿಕೊಳ್ಳಿ, ಊರಿನವರು ಬೇಡವೆಂದರೆ ಹಿಂದಿರುಗಿ.

ಮುಳ್ಳಯ್ಯನಗಿರಿಯ ಹುಲ್ಲುಗಾವಲಿಗೆ ಮಾತ್ರ ಸೈಕಲ್ ಇಳಿಸಲೇಬೇಡಿ. ತೆಳ್ಳನೆಯ ಮಣ್ಣನ್ನು ಆ ಹುಲ್ಲಿನ ಬೇರುಗಳೇ ಹಿಡಿದುಕೊಂಡಿವೆ. ಹಲ್ಲಿನ ಟೈರು ಒಮ್ಮೆ ಗೀರಿದ ಜಾಡಿನಲ್ಲಿ ಮಳೆನೀರು ಹರಿದು, ಮುಂದಿನ ವರ್ಷಕ್ಕೆ ಅದು ಕೊರಕಲಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ನೀಲಕುರಿಂಜಿ ಅರಳುವ ಇಳಿಜಾರುಗಳು ಅವು. ರಸ್ತೆ ಇದೆ, ರಸ್ತೆಯಲ್ಲಿಯೇ ಹೋಗೋಣ.

ಮಳೆಗಾಲಕ್ಕೊಂದು ಉಪಾಯವಿದೆ. ನಮ್ಮ ಆಲ್ದೂರಿನ ಕಡೆ ವಾರಗಟ್ಟಲೆ ಸೋನೆ ಹಿಡಿದು ಕಾಲಿಗೆ ಇಂಬಳ (ಜಿಗಣೆ) ಹತ್ತುವ ದಿನಗಳಲ್ಲಿಯೂ ಬಾಬಾಬುಡನ್ ಗಿರಿಸಾಲಿನ ಪೂರ್ವಕ್ಕೆ ಮಳೆ ಬಹಳ ಕಡಿಮೆ. ಮೋಡವು ತನ್ನ ಭಾರವನ್ನೆಲ್ಲ ಈಚೆಗೇ ಇಳಿಸಿ ಹೋಗಿರುತ್ತದೆ. ಆಗ ನೀವು ಪಶ್ಚಿಮವನ್ನು ಬಿಟ್ಟು ಬಯಲುಸೀಮೆಯ ಕಡೆ ತಿರುಗಿ. ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯವರೆಗೆ ಹೋಗಿ, ಅಥವಾ ಜಾವಗಲ್ ರಸ್ತೆಯಲ್ಲಿ ಬೆಳವಾಡಿಯ ವೀರನಾರಾಯಣ ದೇವಸ್ಥಾನದವರೆಗೆ. ಬೆನ್ನ ಹಿಂದೆ ಗಿರಿ ಕಪ್ಪಗೆ ಕವಿದಿರುತ್ತದೆ, ಎದುರಿಗೆ ರಾಗಿ ಹೊಲದ ಮೇಲೆ ಬಿಸಿಲಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.

ಮೆಕ್ಯಾನಿಕ್ ಸರ್, ನೀವು ಹೇಳಿದಂತೆಯೇ ನಿಂತ ಪ್ಯಾಡು ಡಿಸ್ಕಿನಿಂದ ದೂರವಿತ್ತು. ಕೀಲಿಯಲ್ಲಿ ಸ್ವಲ್ಪ ತಿರುಗಿಸಿದ ಮೇಲೆ ಈಗ ಎರಡು ಬೆರಳಿಗೆ ಸೈಕಲ್ ನಿಲ್ಲುತ್ತದೆ. ಸೋಮವಾರ ಬೆಳಿಗ್ಗೆ 48 ಪಿಎಸ್‌ಐ, ಶನಿವಾರ ರಾತ್ರಿ 30. ಕಚೇರಿಯ ದಾರಿ ಮೂವತ್ತೊಂದು ನಿಮಿಷದಿಂದ ಇಪ್ಪತ್ತೈದಕ್ಕೆ ಇಳಿದಿದೆ. 34 ಹಲ್ಲಿನ ಫ್ರೀವೀಲನ್ನು ಮುಂದಿನ ತಿಂಗಳ ಸಂಬಳದಲ್ಲಿ ಹಾಕಿಸುತ್ತೇನೆ. ಬೇಲೂರು ರಸ್ತೆಯವರೇ, ಎರಡನೆಯ ಸೈಕಲ್ ಕೊಳ್ಳಲಿಲ್ಲ, ಆದರೆ ನಿಮ್ಮ ಮಾತು ಓದಿ ಉದ್ದನೆಯ ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಹಾಕಿಸಿದ್ದೇನೆ.

ಮೇಡಂ, ನಮ್ಮಲ್ಲಿ ಕೊನೆಯವನು ಯಾರೆಂದು ಗಮನಿಸಿದೆ. ಅವನು ಕಳೆದ ಎರಡು ಭಾನುವಾರ ಕೆಲಸವಿದೆಯೆಂದು ಬಂದಿರಲಿಲ್ಲ. ನಿಮ್ಮ ಬರಹವನ್ನು ಅವನಿಗೆ ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ‘ಈ ವಾರ ಬರುತ್ತೇನೆ’ ಎಂದ.

ಗಿರಿಯ ಮೇಲೆ ಮಳೆ ಬಿಟ್ಟಿಲ್ಲ, ಆದ್ದರಿಂದ ತೋಟದ ಹಿರಿಯರು ಹೇಳಿದಂತೆ ಅಯ್ಯನಕೆರೆಗೆ ಹೋಗುತ್ತೇವೆ. ಭಾನುವಾರ ಆರೂವರೆಗೆ ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದ ಎದುರಿನಿಂದ ಹೊರಡುವುದು. ವೇಗವನ್ನು ಅವನೇ ನಿರ್ಧರಿಸುತ್ತಾನೆ. ಈ ಭಾಗದ ಯಾರಾದರೂ ಜೊತೆಗೂಡುವುದಾದರೆ ದಯವಿಟ್ಟು ತಿಳಿಸಿ, ಬುತ್ತಿಗೆ ಅಕ್ಕಿರೊಟ್ಟಿಯ ಲೆಕ್ಕವನ್ನು ನಮ್ಮ ತಾಯಿ ಶನಿವಾರವೇ ಕೇಳುತ್ತಾರೆ.