ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಹೊಸದಾಗಿ ಹೋಗುತ್ತಿದ್ದೇನೆ, ನಿಮ್ಮ ಅನುಭವ ತಿಳಿಸಿ

ಪ್ರಶ್ನೆ: ಆರು ವರ್ಷ ಸಾಮಾನ್ಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ನನ್ನನ್ನು ಮುಂದಿನ ತಿಂಗಳಿನಿಂದ ಮಕ್ಕಳ ಕ್ಯಾನ್ಸರ್ ವಿಭಾಗಕ್ಕೆ ಹಾಕಿದ್ದಾರೆ. ಕೀಮೋಥೆರಪಿಯ ತರಬೇತಿ ಸಿಗಲಿದೆ. ಅದರ ಜೊತೆಗೆ ಮೊದಲ ದಿನದಿಂದಲೇ ತಿಳಿದಿರಬೇಕಾದ ಸಂಗತಿಗಳನ್ನು ಹಿರಿಯ ಸಿಸ್ಟರ್‌ಗಳೂ ತಂದೆತಾಯಂದಿರೂ ದಯವಿಟ್ಟು ತಿಳಿಸಿ.

ನಿವೃತ್ತ ನರ್ಸ್, ಮೈಸೂರು: ಮೊದಲು ಜ್ವರದ ವಿಷಯ ಹೇಳುತ್ತೇನೆ. ಕೀಮೋ ಪಡೆದ ಮಗುವಿನ ನ್ಯೂಟ್ರೊಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಸಂಖ್ಯೆ 500ಕ್ಕಿಂತ ಕೆಳಗಿಳಿದಾಗ ಸೋಂಕು ಇದ್ದರೂ ಕೀವು, ಬಾವು ಏನೂ ಕಾಣದಿರಬಹುದು. ಎಷ್ಟೋ ಸಲ ಜ್ವರವೊಂದೇ ಸುಳಿವು. ಆಗ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಇದೆಯೇ ಎಂದು ನೋಡುವ ಪರೀಕ್ಷೆಗೆ) ರಕ್ತ ತೆಗೆದು ಒಂದು ಗಂಟೆಯೊಳಗೆ ಮೊದಲ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಇಂಥ ಮಕ್ಕಳಿಗೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು, ಎನಿಮಾ ಕೊಡಬಾರದು.

ಒಂದು ರಾತ್ರಿ ಐದು ವರ್ಷದ ಹುಡುಗನೊಬ್ಬ ಎಂದೂ ಕೈಬಿಡದ ಆಟಿಕೆ ಬಸ್ಸನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಜ್ವರ 100.6 ಡಿಗ್ರಿ ಮಾತ್ರ ಇತ್ತು, ಆದರೆ ಅಂಗೈ ತಣ್ಣಗಿತ್ತು. "ಇವತ್ತು ಯಾಕೋ ಸಪ್ಪಗಿದ್ದಾನೆ ಸಿಸ್ಟರ್" ಎಂದು ತಾಯಿ ಅಂದ ಮಾತನ್ನೇ ಹಿಡಿದು ನಾನು ಡಾಕ್ಟರನ್ನು ಎಬ್ಬಿಸಿದೆ, ಅವನ ಬಿ.ಪಿ. ಕುಸಿಯುವ ಹೊತ್ತಿಗೆ ಔಷಧ ಆಗಲೇ ಒಳಗೆ ಹೋಗಿತ್ತು. ತಾಯಿಯ ಅಂಥ ಮಾತನ್ನು ಎಂದೂ ತಳ್ಳಿಹಾಕಬೇಡಿ.

ಎರಡನೆಯದು ವಿಂಕ್ರಿಸ್ಟಿನ್ ಎಂಬ ಕೀಮೋ ಔಷಧ. ಅದು ರಕ್ತನಾಳಕ್ಕೆ ಮಾತ್ರ ಸೇರಬೇಕಾದ ಔಷಧ, ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣವನ್ನೇ ತೆಗೆಯುತ್ತದೆ. ಆದ್ದರಿಂದಲೇ ಸಿರಿಂಜಿನ ಬದಲು ಚಿಕ್ಕ ಚೀಲದಲ್ಲಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೂಜಿಯ ಜಾಗ ಉರಿಯುತ್ತದೆ ಎಂದು ಮಗು ಅತ್ತರೆ ತಕ್ಷಣ ನಿಲ್ಲಿಸಿ. ಔಷಧ ಹೊರಗೆ ಸೋರಿದ್ದರೆ ಇದಕ್ಕೆ ಬಿಸಿ ಶಾಖ, ಐಸ್ ಅಲ್ಲ.

ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ: ನನ್ನ ಮಗಳಿಗೆ ನಾಲ್ಕನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂತು; ಈಗ ಏಳನೇ ತರಗತಿಯಲ್ಲಿ ಓದುತ್ತಿದ್ದಾಳೆ. "ಏನೂ ನೋವಾಗಲ್ಲ ಪುಟ್ಟಿ" ಎಂದು ಹೇಳಿ ಚುಚ್ಚಿದ ಸಿಸ್ಟರಿಗೆ ಅವಳು ಮತ್ತೆಂದೂ ಕೈ ಕೊಡಲಿಲ್ಲ. ಇನ್ನೊಬ್ಬ ಸಿಸ್ಟರ್ ಒಂದು ಗಂಟೆ ಮೊದಲೇ ಮರಗಟ್ಟುವ ಮುಲಾಮು ಹಚ್ಚಿ, ಬೆನ್ನಿನ ಇಂಜೆಕ್ಷನ್‌ಗೆ ಹೇಗೆ ಮುದುಡಿ ಮಲಗಬೇಕೆಂಬುದನ್ನು ಗೊಂಬೆಯ ಮೇಲೆ ತೋರಿಸಿ, "ಸ್ವಲ್ಪ ನೋವಾಗುತ್ತೆ, ಇಬ್ಬರೂ ಹತ್ತು ಎಣಿಸೋಣ" ಎನ್ನುತ್ತಿದ್ದರು. ಅವರು ಬಂದರೆ ಮಗಳು ತಾನಾಗಿಯೇ ಮಗ್ಗುಲಾಗುತ್ತಿದ್ದಳು.

ಇನ್ನೊಂದು ಮಾತು. ಸ್ಟೀರಾಯ್ಡ್ ನಡೆಯುತ್ತಿದ್ದಾಗ ಅವಳು ರಾತ್ರಿ ಎರಡು ಗಂಟೆಗೆ ಎದ್ದು ಚಿತ್ರಾನ್ನ ಬೇಕೆಂದು ಹಟ ಹಿಡಿಯುತ್ತಿದ್ದಳು, ನಾನು ಗದರಿಬಿಟ್ಟೆ. ಆ ಹಸಿವು, ಆ ಸಿಟ್ಟು ಮಾತ್ರೆಯಿಂದ ಬಂದದ್ದೆಂದು ಮೊದಲೇ ಯಾರಾದರೂ ಹೇಳಿದ್ದರೆ ನಾನು ಗದರುತ್ತಿರಲಿಲ್ಲ. ಆ ನೋವು ಇಂದಿಗೂ ಹೋಗಿಲ್ಲ. ದಯವಿಟ್ಟು ತಾಯಂದಿರಿಗೆ ಮೊದಲೇ ಹೇಳಿ.

ಡೇ ಕೇರ್ ನರ್ಸ್, ಬೆಂಗಳೂರು: ರಕ್ತದ ಕ್ಯಾನ್ಸರಿನ ಬಹುಪಾಲು ಮಕ್ಕಳು ಮೊದಲ ತಿಂಗಳಲ್ಲೇ ಚೇತರಿಸಿಕೊಂಡಂತೆ ಕಾಣುತ್ತಾರೆ, ಚಿಕಿತ್ಸೆ ಮಾತ್ರ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಬೇಕು. ಅಷ್ಟರಲ್ಲೇ ಕೆಲವು ಕುಟುಂಬಗಳು ಬರುವುದನ್ನು ನಿಲ್ಲಿಸಿಬಿಡುತ್ತವೆ. ಶ್ರೀಮಂತ ದೇಶಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುವಾಗ ಬಡ ದೇಶಗಳು ಹಿಂದುಳಿದಿರುವುದಕ್ಕೆ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದೂ ಒಂದು ಕಾರಣ. ರಾಯಚೂರು, ಕಲಬುರಗಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಕೂಲಿಕಾರರ ಔಷಧದ ಖರ್ಚನ್ನು ಆಯುಷ್ಮಾನ್ ಕಾರ್ಡು ಹೊತ್ತರೂ ಅವರು ಕಳೆದುಕೊಂಡ ಕೂಲಿಯನ್ನು ಹೊರುವುದಿಲ್ಲ. ಹೇಳಿದ ದಿನ ಮಗು ಬಾರದಿದ್ದರೆ ನಾನು ಅಂದೇ ಸಂಜೆ ಫೋನ್ ಮಾಡುತ್ತೇನೆ, ಬೈಯುವುದಿಲ್ಲ, "ಬರಲಿಕ್ಕೆ ಏನು ಅಡ್ಡಿಯಾಯಿತು ಅಣ್ಣಾ?" ಎಂದು ಕೇಳುತ್ತೇನೆ. ಫೋನಿಗೆ ರೀಚಾರ್ಜ್ ಇಲ್ಲದೆ ಎಷ್ಟೋ ಕರೆಗಳು ತಲುಪುವುದಿಲ್ಲ. ಹಾಗಾಗಿ ದಾಖಲಾದ ದಿನವೇ ನೆರೆಮನೆಯವರದ್ದೋ ಊರಿನ ಆಶಾ ಕಾರ್ಯಕರ್ತೆಯದ್ದೋ ನಂಬರನ್ನೂ ಫೈಲಿನಲ್ಲಿ ಬರೆದುಕೊಳ್ಳಿ.