ಗಾಡಿ ತೆಗೆಯುವ ಹಾಗಿಲ್ಲ, ಕಡ್ಲೆಬೇಳೆ ಸಿಗುತ್ತಿಲ್ಲ: ದಾವಣಗೆರೆಯವರು ದಿನಸಿ ಹೇಗೆ ತರುತ್ತಿದ್ದೀರಿ?

ನಿಟುವಳ್ಳಿ ಸೊಸೆ
ಮಂಗಳವಾರ, ಮೇ 11, 2021

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಕೊರೊನಾದ ಹೊಸ ಲಾಕ್‌ಡೌನ್ ಶುರುವಾಗಿದೆ, 24ರ ಬೆಳಗ್ಗೆಯವರೆಗೆ ಅಂತೆ. ಅಂಗಡಿ ತೆರೆಯುವುದು ಬೆಳಗ್ಗೆ ಆರರಿಂದ ಹತ್ತು. ದಿನಸಿಗೆ ಅಂತ ಗಾಡಿ ತೆಗೆಯುವ ಹಾಗಿಲ್ಲ, ಹತ್ತಿರದ ಅಂಗಡಿಗೆ ನಡೆದೇ ಹೋಗಬೇಕು.

ನಮ್ಮ ಮನೆಯಲ್ಲಿ ಈಗ ನಾನು, ಅತ್ತೆ, ಎರಡು ಮಕ್ಕಳು. ಯಜಮಾನರು ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದಾರೆ. ಅತ್ತೆಗೆ ಶುಗರ್ ಇದೆ. ಪಕ್ಕದ ಮನೆಯಲ್ಲಿ ಇಬ್ಬರಿಗೆ ಪಾಸಿಟಿವ್. ಹಾಗಾಗಿ ಸಾಲಿನಲ್ಲಿ ನಿಲ್ಲುವುದು ಅಂದರೆ ಎದೆ ಡವಡವ ಅನ್ನುತ್ತದೆ.

ಮಾವನವರ ಕಾಲದಿಂದಲೂ ನಮ್ಮ ತಿಂಗಳ ಸಾಮಾನು ಚೌಕಿಪೇಟೆಯಿಂದ. ಸ್ಕೂಟಿಯಲ್ಲಿ ಹೋಗಿ ಮುಂದೆ ಒಂದು ಚೀಲ, ಹಿಂದೆ ಒಂದು ಚೀಲ ಇಟ್ಟುಕೊಂಡು ಬರುತ್ತಿದ್ದೆ. ಈಗ ಅಷ್ಟು ದೂರ ನಡೆದು ಹೊತ್ತು ತರುವುದು ಆಗದ ಮಾತು. ನಿನ್ನೆ ಹತ್ತಿರದ ಒಂದು ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಗೇಟಿನವರೆಗೆ ಸಾಲು. ಒಳಗೆ ಹೋದರೆ ಬೇಳೆ ಇಡುವ ಕಪಾಟು ಪೂರ್ತಿ ಖಾಲಿ. ಎಣ್ಣೆ ಬರೀ ಐದು ಲೀಟರಿನ ಕ್ಯಾನ್. ನನ್ನ ಮುಂದೆ ಇದ್ದವರ ತಳ್ಳುಬುಟ್ಟಿಯಲ್ಲಿ ನೂಡಲ್ಸ್ ಪ್ಯಾಕೆಟ್‌ಗಳದ್ದೇ ಗುಡ್ಡೆ! ಬಿಲ್ ಮಾಡಿಸುವಷ್ಟರಲ್ಲಿ ಅರ್ಧ ಶಟರ್ ಇಳಿಸಿದ್ದರು. ಕೈಗೆ ಸಿಕ್ಕಿದ್ದು ಚಹಾಪುಡಿ, ಬಟ್ಟೆ ಸೋಪು, ಅರ್ಧ ಕೆಜಿ ರವೆ.

ಶುಕ್ರವಾರ ಬಸವ ಜಯಂತಿ. ಹೋಳಿಗೆ ಇಲ್ಲದ ಬಸವ ಜಯಂತಿ ಅತ್ತೆ ತಮ್ಮ ಜೀವಮಾನದಲ್ಲೇ ನೋಡಿಲ್ಲವಂತೆ. ಈ ವರ್ಷ ನೋಡಿಬಿಡಿ ಅಂದರೆ ಮುಖ ತಿರುಗಿಸಿಕೊಂಡು ಕೂತಿದ್ದಾರೆ.

ಕಡ್ಲೆಬೇಳೆ ಎಲ್ಲಾದರೂ ಸಿಗುತ್ತದಾ? ಲಾಕ್‌ಡೌನ್ ಮುಂದೆ ಹೋಗಬಹುದು ಅನ್ನುತ್ತಿದ್ದಾರೆ, ಎಷ್ಟು ದಿನಕ್ಕೆ ತಂದು ಇಟ್ಟುಕೊಳ್ಳಬೇಕು? ಎಣ್ಣೆ ರೇಟು ಕೇಳಿದರೆ ತಲೆ ತಿರುಗುತ್ತದೆ, ಅಂಗಡಿಯವರೇ ಏರಿಸಿದ್ದಾರಾ? ಇನ್ನೊಂದು, ತಂದ ಪ್ಯಾಕೆಟ್‌ಗಳನ್ನೆಲ್ಲ ಹೋದ ವರ್ಷದ ಹಾಗೆ ಸೋಪು ನೀರಿನಲ್ಲಿ ತೊಳೆಯಬೇಕಾ?


ಡಿಸಿಎಂ ಟೌನ್‌ಶಿಪ್

ಅಕ್ಕ, ಆ್ಯಪ್ ನಂಬಿಕೊಂಡು ಮಾತ್ರ ಕೂರಬೇಡಿ. ಬೆಂಗಳೂರಿನಲ್ಲಿ ಇರುವ ನನ್ನ ತಂಗಿ ಅಲ್ಲಿಂದಲೇ ನಮಗೆ ಆರ್ಡರ್ ಹಾಕಿದಳು. ದುಡ್ಡು ಕಟ್ ಆಯಿತು, ಸಾಮಾನು ಬರಲಿಲ್ಲ, ಈಗ ದುಡ್ಡು ವಾಪಸ್ ಬರಲಿ ಅಂತ ಕಾಯುತ್ತಿದ್ದೇವೆ. ನಮ್ಮ ಬೀದಿಯ ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ, ಮಾರನೇ ದಿನ ಬಾಗಿಲಿಗೆ ಬಂತು.


ಚೌಕಿಪೇಟೆ ಹಳೇ ಕಿರಾಣಿ

ನೋಡು ತಾಯಿ, ನಾನು ಚೌಕಿಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸಿದವನು. ಈಗ ಮಗ ನೋಡಿಕೊಳ್ಳುತ್ತಾನೆ. ವಯಸ್ಸಾಯಿತು, ಈ ರೋಗದ ಕಾಲದಲ್ಲಿ ಗಲ್ಲಾದ ಮೇಲೆ ಕೂರಬೇಡ ಅಂತ ಮನೆಯಲ್ಲೇ ಕೂರಿಸಿದ್ದಾನೆ. ಫೋನಿನಲ್ಲಿ ಬಂದ ಚೀಟಿಗಳನ್ನು ಬರೆದುಕೊಳ್ಳುವುದು ನನ್ನ ಕೆಲಸ. ಹೊತ್ತು ಹೋಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಡ್ಲೆಬೇಳೆ ವಿಷಯ. ಊರಲ್ಲಿ ಕಡ್ಲೆಬೇಳೆ ಇಲ್ಲ ಅಂತಲ್ಲ. ನೀನು ಹೋದ ಅಂಗಡಿಯ ಕಪಾಟಿನಲ್ಲಿ ಇಲ್ಲ, ಅಷ್ಟೇ. ಬೇಳೆ ಬರುವುದು ಚೀಲದಲ್ಲಿ. ಗೋಡೌನಿನಿಂದ ಆ ಚೀಲ ಇಳಿಸಲು ಹಮಾಲಿ ಬೇಕು. ಬಿಚ್ಚಿ, ಹಸನು ಮಾಡಿ, ಅರ್ಧ ಕೆಜಿ, ಒಂದು ಕೆಜಿ ಅಂತ ತೂಗಿ ಕಟ್ಟಲು ಹುಡುಗರು ಬೇಕು. ಮೊದಲು ಈ ಕೆಲಸ ಬೆಳಗ್ಗೆಯಿಂದ ರಾತ್ರಿವರೆಗೆ ನಡೆಯುತ್ತಿತ್ತು. ಈಗ ಇರುವುದೇ ನಾಲ್ಕು ತಾಸು. ಅದರಲ್ಲೇ ಮಾರಬೇಕು, ಅದರಲ್ಲೇ ಲಾರಿ ಖಾಲಿ ಮಾಡಿಸಬೇಕು. ಕೆಲಸದ ಹುಡುಗರು ಸುತ್ತಲ ಹಳ್ಳಿಯವರು, ಬಸ್ ಇಲ್ಲ, ಅರ್ಧ ಜನ ಬರುತ್ತಿಲ್ಲ. ಎಂಟು ಗಂಟೆಗೆ ಕಪಾಟು ಖಾಲಿ ಆದರೆ ಮತ್ತೆ ತುಂಬುವವರು ಯಾರು? ಖಾಲಿ ಕಪಾಟು ಕಂಡವರು ಗಾಬರಿಯಾಗಿ ಮರುದಿನ ಎರಡು ಕೆಜಿ ಬೇಕಾದಲ್ಲಿ ಐದು ಕೆಜಿ ಒಯ್ಯುತ್ತಾರೆ. ಆಗ ಇನ್ನೂ ಬೇಗ ಖಾಲಿ.

ಮೇಲಾಗಿ ಈ ವಾರ ರಂಜಾನೂ ಬಂದಿದೆ, ಬಸವ ಜಯಂತಿಯೂ ಬಂದಿದೆ. ಶಾವಿಗೆ, ಗೋಡಂಬಿ, ದ್ರಾಕ್ಷಿಗೆ ಒಂದು ಸಾಲು. ಕಡ್ಲೆಬೇಳೆ, ಬೆಲ್ಲಕ್ಕೆ ಇನ್ನೊಂದು ಸಾಲು. ಶನಿವಾರ ಬಾ, ಕಡ್ಲೆಬೇಳೆ ಬೇಕಾದಷ್ಟು ಕೊಡುತ್ತೇನೆ. ಆದರೆ ಹೋಳಿಗೆ ಶುಕ್ರವಾರಕ್ಕೆ ಬೇಕು, ಅಲ್ವಾ!

ಹೋದ ವರ್ಷದ ಭಯ ಜನರ ತಲೆಯಿಂದ ಇನ್ನೂ ಹೋಗಿಲ್ಲ. ಅದು ನಿಜವಾಗಿಯೂ ಕಷ್ಟದ ಕಾಲ. 2020ರ ಮಾರ್ಚ್ 22, ಭಾನುವಾರ ಜನತಾ ಕರ್ಫ್ಯೂ. ಮಂಗಳವಾರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು, ಹನ್ನೆರಡರಿಂದ 21 ದಿನ ದೇಶವೇ ಬಂದ್ ಅಂದರು. ಮರುದಿನ ಯುಗಾದಿ. ಭಾಷಣ ಮುಗಿಯುವ ಮೊದಲೇ ನಮ್ಮ ಅಂಗಡಿ ಮುಂದೆ ಜನ. ಬೆಲ್ಲದ ಪೆಂಟೆಗಳು ಎಲ್ಲಿ ಹೋದವು ಅಂತ ಗೊತ್ತಾಗಲಿಲ್ಲ. ಆಮೇಲೆ ಲಾರಿಗಳು ಎಲ್ಲೆಲ್ಲೋ ನಿಂತವು. ಅಗತ್ಯ ವಸ್ತು ಬಿಡಬಹುದು, ಬೇರೆಯದು ಬಿಡಬಾರದು ಅಂತ ದಾರಿಯುದ್ದಕ್ಕೂ ತಕರಾರು. ಮಾರ್ಚ್ 29ಕ್ಕೆ ಎಲ್ಲ ಸರಕು ಲಾರಿಗಳನ್ನೂ ಬಿಡಿ ಅಂತ ಕೇಂದ್ರದಿಂದ ಆದೇಶ ಬಂತು. ಆದರೂ ಡ್ರೈವರ್‌ಗಳಿಗೆ ಊಟಕ್ಕೆ ಢಾಬಾ ಇಲ್ಲ, ಪಂಕ್ಚರ್ ಹಾಕುವವರಿಲ್ಲ. ಕಲಬುರಗಿಯಿಂದ ತೊಗರಿಬೇಳೆ ತರಿಸುವುದೇ ದೊಡ್ಡ ಯುದ್ಧ. ಈ ವರ್ಷ ಹಾಗಿಲ್ಲ. ಲಾರಿ ಓಡುತ್ತಿವೆ, ಮಿಲ್ ನಡೆಯುತ್ತಿವೆ. ಇಳಿಸಿ ಹಂಚುವುದಕ್ಕೆ ಮಾತ್ರ ಹೊತ್ತಿಲ್ಲ.

ಅಕ್ಕಿ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನೆ ಒಬ್ಬರು ಫೋನ್ ಮಾಡಿ ಐದು ಚೀಲ ಸೋನಾ ಮಸೂರಿ ಕೇಳಿದರು. ಮನೆಯಲ್ಲಿ ಮೂರು ಜನ! ಭದ್ರಾ ನಾಲೆ ನೀರಿನಲ್ಲಿ ಬೆಳೆದ ಬೇಸಿಗೆ ಭತ್ತ ಈಗಲೇ ಕೊಯ್ಲಾಗಿ ಬರುತ್ತಿದೆ. ದಾವಣಗೆರೆಯಲ್ಲಿ ಕೂತು ಅಕ್ಕಿ ಮುಗಿಯುತ್ತದೆ ಅಂತ ಹೆದರುವುದು ಸಮುದ್ರದ ದಂಡೆಯಲ್ಲಿ ಕೂತು ಉಪ್ಪಿಗೆ ಹೆದರಿದ ಹಾಗೆ. ಒಂದು ಚೀಲ ಕೊಟ್ಟೆ, ಬೈಸಿಕೊಂಡೆ.

ಎಣ್ಣೆ ರೇಟು ಏರಿರುವುದು ನಿಜ. ಸೂರ್ಯಕಾಂತಿ ಎಣ್ಣೆ ಲೀಟರಿಗೆ 170 ರೂಪಾಯಿ ಆಸುಪಾಸಿಗೆ ಬಂದಿದೆ. ಇದು ಬೀದಿ ಅಂಗಡಿಯವನು ಮಾಡಿದ್ದಲ್ಲ. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಉಕ್ರೇನ್, ರಷ್ಯಾದಿಂದ. ಅಲ್ಲಿ ಏರಿದರೆ ಇಲ್ಲಿ ಏರುತ್ತದೆ. ಆದರೆ ಪ್ಯಾಕೆಟ್ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೂ ಅದು ತಪ್ಪು, ಕೊಡಬೇಡ. ಹಳೇ ರೇಟು ಅಚ್ಚಾದ ಪ್ಯಾಕೆಟ್‌ಗೆ ಹೊಸ ರೇಟು ಹೇಳುವವರು ನಮ್ಮ ಧಂದೆಯಲ್ಲೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಬಿಡಿಯಾಗಿ ತೂಗುವ ಬೇಳೆ, ಬೆಲ್ಲಕ್ಕೆ ಎಂಆರ್‌ಪಿ ಇರುವುದಿಲ್ಲ. ಅದರ ರೇಟನ್ನು ಚೀಟಿ ಕಳಿಸುವಾಗಲೇ ಕೇಳಿಬಿಡು, ಬಾಗಿಲಿಗೆ ಬಂದ ಮೇಲೆ ಜಗಳ ಬೇಡ.

ಈಗ ಮಾಡುವುದೇನು? ನಿನ್ನ ಬೀದಿಯ ಅಂಗಡಿಯವನನ್ನು ಹಿಡಿ. ಅವನು ನಮ್ಮಲ್ಲಿಂದಲೇ ಒಯ್ಯುವವನು. ಕೆಜಿಗೆ ಎರಡು ಮೂರು ರೂಪಾಯಿ ಜಾಸ್ತಿ ಹಿಡಿಯುತ್ತಾನೆ, ಹಿಡಿಯಲಿ. ಕೂಲಿ ಇಲ್ಲದೆ ಕೂತ ಮನೆಗಳಿಗೆ ಉದ್ರಿ ಕೊಡುತ್ತಿರುವವನು ಅವನೇ, ಸೂಪರ್ ಮಾರ್ಕೆಟ್‌ನಲ್ಲಿ ಉದ್ರಿ ಖಾತೆ ಇಲ್ಲ. ಮನೆಗೆ ತಂದುಕೊಡುವುದಕ್ಕೆ ಹತ್ತರ ನಂತರವೂ ಅಡ್ಡಿ ಇಲ್ಲ. ಚೀಟಿಯನ್ನು ರಾತ್ರಿಯೇ ಕಳಿಸು. ಬೆಳಗ್ಗೆ ಆರಕ್ಕೆ ಫೋನ್ ಮಾಡಿದರೆ ಎತ್ತಲು ಯಾರಿಗೂ ಕೈ ಬಿಡುವಿರುವುದಿಲ್ಲ.

ಚೀಟಿ ಬರೆಯುವುದರಲ್ಲೂ ಒಂದು ರೀತಿ ಇದೆ. 'ಎಣ್ಣೆ' ಅಂತ ಬರೆದರೆ ನಾನೇನು ತಿಳಿದುಕೊಳ್ಳಲಿ? ಯಾವುದು, ಎಷ್ಟು, ಅದು ಇಲ್ಲದಿದ್ದರೆ ಯಾವುದು ಅಂತ ಬರೆ. ತೊಗರಿ ಇಲ್ಲದಿದ್ದರೆ ಹೆಸರುಬೇಳೆ. ಸಣ್ಣ ರವೆ ಇಲ್ಲದಿದ್ದರೆ ದಪ್ಪ ರವೆ. ಹಾಗೆ ಬರೆದವರ ಚೀಟಿ ಮೊದಲು ಕಟ್ಟಿಸುತ್ತೇವೆ. ಕೆಲವರು ಕೈಯಲ್ಲಿ ಬರೆದು ಫೋಟೋ ಕಳಿಸುತ್ತಾರೆ, ನನ್ನ ಕಣ್ಣಿಗೆ ಜೀರಿಗೆಯೂ ಸಾಸಿವೆಯೂ ಒಂದೇ ಥರ ಕಾಣುತ್ತದೆ. ಟೈಪ್ ಮಾಡಿ ಪುಣ್ಯ ಕಟ್ಟಿಕೊಳ್ಳಿ.

ಎಷ್ಟು ತರಬೇಕು ಅಂದೆಯಲ್ಲ. ಹದಿನೈದು ದಿನಕ್ಕೆ ಸಾಕು. ನಿಮ್ಮ ನಾಲ್ಕು ಜನಕ್ಕೆ ತೊಗರಿಬೇಳೆ ಒಂದು ಕೆಜಿ, ಹೆಸರುಬೇಳೆ ಅರ್ಧ, ಎಣ್ಣೆ ಎರಡು ಲೀಟರ್, ಅವಲಕ್ಕಿ, ರವೆ ಒಂದೊಂದು ಕೆಜಿ, ಶೇಂಗಾ ಒಂದು ಕೆಜಿ. ಮುಂದಕ್ಕೆ ಹೋದರೆ ಮತ್ತೆ ತಂದರಾಯಿತು. ಮೇ ಸೆಖೆಯಲ್ಲಿ ಜಾಸ್ತಿ ತಂದರೆ ರವೆಗೆ ಹುಳ ಬೀಳುತ್ತದೆ. ತಂದ ದಿನವೇ ಎಣ್ಣೆ ಹಾಕದೆ ಬೆಚ್ಚಗೆ ಹುರಿದು, ಆರಿಸಿ ಡಬ್ಬಿಗೆ ತುಂಬು.

ಅಂಗಡಿಗೆ ಹೋಗಲೇಬೇಕು ಅಂದರೆ ಆರಕ್ಕೆ ಬೇಡ, ಒಂಬತ್ತೂವರೆಗೂ ಬೇಡ. ನಮ್ಮ ಕಡೆ ಎಂಟರ ಸುಮಾರಿಗೆ ಸ್ವಲ್ಪ ತೆರಪಿರುತ್ತದೆ. ಕಡೇ ಅರ್ಧ ಗಂಟೆ ಪೊಲೀಸರ ಸೀಟಿ, ಶಟರ್ ಸದ್ದು, ನೂಕುನುಗ್ಗಲು ಎಲ್ಲ ಒಟ್ಟಿಗೆ.


ಹಗಲು ಪಾಳಿ ನರ್ಸ್

ತೊಳೆಯುವುದರ ಬಗ್ಗೆ ನಾನು ಹೇಳುತ್ತೇನೆ. ಪ್ಯಾಕೆಟ್ ಮುಟ್ಟಿ ಸೋಂಕು ಬರುವ ಸಾಧ್ಯತೆ ತುಂಬಾ ಕಡಿಮೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ ಹೋದ ತಿಂಗಳು ಇದನ್ನೇ ಹೇಳಿದೆ. ಸಾಮಾನು ಎತ್ತಿಟ್ಟ ಮೇಲೆ ಕೈ ತೊಳೆದುಕೊಳ್ಳಿ, ಸಾಕು. ತರಕಾರಿಗೆ ಸೋಪು ಹಾಕಲೇಬೇಡಿ, ಬರೀ ನೀರಲ್ಲಿ ತೊಳೆಯಿರಿ. ಸೋಪು ಹೊಟ್ಟೆಗೆ ಹೋಗಿ ವಾಂತಿ ಮಾಡಿಕೊಂಡು ಬಂದವರನ್ನು ಹೋದ ವರ್ಷ ನೋಡಿದ್ದೇನೆ.

ಭಯ ಇರಬೇಕಾದದ್ದು ಸಾಲಿನ ಬಗ್ಗೆ. ಶಟರ್ ಅರ್ಧ ಇಳಿಸಿದ ಅಂಗಡಿ ಅಂದಿರಲ್ಲ, ಅಂಥ ಕಡೆ ಒಳಗೆ ನಿಲ್ಲಬೇಡಿ. ಗಾಳಿ ಆಡುವುದಿಲ್ಲ, ಎಲ್ಲರೂ ಜೋರಾಗಿ ಮಾತಾಡುತ್ತಿರುತ್ತಾರೆ, ರೇಟು ಕೇಳಲು ಮಾಸ್ಕ್ ಕೆಳಗೆ ಎಳೆಯುತ್ತಾರೆ. ಅತ್ತೆಯವರ ಶುಗರ್ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು ಇದೆಯಾ ನೋಡಿಕೊಳ್ಳಿ. ಬೇಳೆಗಿಂತ ಅದು ಮುಖ್ಯ. ಮೆಡಿಕಲ್ ಶಾಪ್‌ಗೆ ಹತ್ತು ಗಂಟೆಯ ಗಡುವಿಲ್ಲ, ಮಧ್ಯಾಹ್ನ ಜನ ಇಲ್ಲದಾಗ ಹೋಗಿ ಬನ್ನಿ. ಮತ್ತೆ, ಹೋಳಿಗೆ ಅತ್ತೆಗೆ ಒಂದೇ!


ದುರ್ಗದ ಹುಡುಗ

ನಾನು ಚಿತ್ರದುರ್ಗದ ಕಡೆಯವನು. ಇಲ್ಲಿ ಓದುತ್ತಿದ್ದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ನಿಮಗೆ ಅಲ್ಲಿ ಸಾಮಾನು ಸಿಗುತ್ತಿಲ್ಲ. ನಮ್ಮ ಹೊಲದಲ್ಲಿ ಟೊಮೆಟೊ ಗಿಡದಲ್ಲೇ ಕೊಳೆಯುತ್ತಿದೆ. ಸಂತೆಗಳೆಲ್ಲ ಬಂದ್. ಮಂಡಿಗೆ ಹಾಕೋಣ ಅಂದರೆ ಬೆಳಗಿನ ಜಾವವೇ ಮುಗಿಸಬೇಕು, ಕೊಳ್ಳುವವರು ಕಡಿಮೆ. ಹೋಟೆಲ್ ಇಲ್ಲ, ಮದುವೆ ಊಟ ಇಲ್ಲ. ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂತ ಅಪ್ಪ ಬಿಡಿಸುವುದನ್ನೇ ನಿಲ್ಲಿಸಿದ್ದಾರೆ. ಸೂಪರ್ ಮಾರ್ಕೆಟ್ ತರಕಾರಿ ಬಿಟ್ಟು ತಳ್ಳುಗಾಡಿಯವರ ಹತ್ತಿರ ತಗೊಳ್ಳಿ. ಅವರಿಗೆ ಅಂಗಡಿಗಿಂತ ಜಾಸ್ತಿ ಹೊತ್ತು ಓಡಾಡಲು ಬಿಟ್ಟಿದ್ದಾರೆ. ಚೌಕಾಸಿ ಮಾಡಬೇಡಿ ಪ್ಲೀಸ್.

ಅಕ್ಕ, ಕಡ್ಲೆಬೇಳೆ ಇಲ್ಲದಿದ್ದರೆ ಶೇಂಗಾ ಹೋಳಿಗೆ ಮಾಡಿ. ಶೇಂಗಾಕ್ಕೆ ನಮ್ಮ ಚಳ್ಳಕೆರೆ ಕಡೆ ಬರ ಬಂದಿಲ್ಲ. ಹುರಿದು ಸಿಪ್ಪೆ ತೆಗೆದು, ಸ್ವಲ್ಪ ಎಳ್ಳು, ಏಲಕ್ಕಿ, ಬೆಲ್ಲ ಹಾಕಿ ಪುಡಿ ಮಾಡಿದರೆ ಹೂರಣ ಮುಗಿಯಿತು. ಬೇಯಿಸುವುದು, ರುಬ್ಬುವುದು ಏನೂ ಇಲ್ಲ. ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ.


ವಿನೋಬನಗರ ಟೀಚರ್

ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮನೆ ಕೆಲಸಕ್ಕೆ ಬರುವವರು ಯಾರಾದರೂ ಇದ್ದರೆ ಹೇಳಿ. ಬಿಪಿಎಲ್, ಅಂತ್ಯೋದಯ ಪಡಿತರ ಚೀಟಿ ಇದ್ದವರಿಗೆ ಮೇ, ಜೂನ್ ಎರಡು ತಿಂಗಳು ಕೇಂದ್ರದಿಂದ ತಲೆಗೆ 5 ಕೆಜಿ ಉಚಿತ ಧಾನ್ಯ ಇದೆ. ಅದು ಮಾಮೂಲಿ ರೇಷನ್ ಬಿಟ್ಟು ಬೇರೆ. ನಮ್ಮ ಕೆಲಸದಾಕೆಗೆ ಗೊತ್ತೇ ಇರಲಿಲ್ಲ, ಮಾಮೂಲಿನದ್ದು ಮಾತ್ರ ತಂದು ಸುಮ್ನೆ ಕೂತಿದ್ದಳು.


ನಿಟುವಳ್ಳಿ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೌಕಿಪೇಟೆ ಅಜ್ಜಾರೇ, ನೀವು ಹೇಳಿದ ಹಾಗೆ ಬೀದಿ ಅಂಗಡಿಯವರಿಗೆ ಚೀಟಿ ಟೈಪ್ ಮಾಡಿ ಕಳಿಸಿದೆ, 'ಇಲ್ಲದಿದ್ದರೆ ಇದು' ಅಂತಲೂ ಬರೆದೆ. ಅವರು ಹೆಬ್ಬೆರಳಿನ ಚಿತ್ರ ಕಳಿಸಿದರು. ಕಡ್ಲೆಬೇಳೆ ಕಾಲು ಕೆಜಿ ಮಾತ್ರ ಕೊಡುತ್ತಾರಂತೆ, ಎಲ್ಲರಿಗೂ ಅಷ್ಟೇ ಅಂತೆ. ನ್ಯಾಯವಾಗಿಯೇ ಇದೆ ಅನ್ನಿಸಿತು. ಅತ್ತೆಯ ಮಾತ್ರೆ ನೋಡಿದೆ, ಎಂಟು ದಿನಕ್ಕೆ ಮಾತ್ರ ಇತ್ತು. ಈಗ ತಂದೆ.

ಶೇಂಗಾ ಹೋಳಿಗೆ ಅಂದಿದ್ದಕ್ಕೆ ಅತ್ತೆಯ ತಕರಾರು ಬೇರೆ. ಬೇಳೆ ಬೇಯಿಸದಿದ್ದರೆ ಕಟ್ಟು ಎಲ್ಲಿಂದ ಬರಬೇಕು, ಕಟ್ಟಿನ ಸಾರು ಇಲ್ಲದೆ ಅದೆಂಥ ಹಬ್ಬ ಅಂತ. ಕೊನೆಗೆ ರಾಜಿ ಆಯಿತು. ಆ ಕಾಲು ಕೆಜಿಯಲ್ಲಿ ಕಟ್ಟಿನ ಸಾರು, ದೇವರ ನೈವೇದ್ಯಕ್ಕೆ ಆಗುವಷ್ಟು ಹೋಳಿಗೆ. ಉಳಿದದ್ದೆಲ್ಲ ಶೇಂಗಾದ್ದು. ದುರ್ಗದ ತಮ್ಮ, ಎಳ್ಳನ್ನೂ ಶೇಂಗಾದ ಜೊತೆಗೇ ಹುರಿಯಬೇಕಾ, ಬೇರೆ ಹುರಿಯಬೇಕಾ?


ದುರ್ಗದ ಹುಡುಗ

ಅಮ್ಮನ್ನ ಕೇಳಿದೆ ಅಕ್ಕ. ಬೇರೆಯೇ ಹುರಿಯಬೇಕಂತೆ, ಎಳ್ಳು ಬೇಗ ಸೀಯುತ್ತದೆ. ಚಟಪಟ ಅಂದ ಕೂಡಲೇ ಇಳಿಸಿಬಿಡಿ. ಶೇಂಗಾ ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ ಹಾಕಿ, ಬಿಸಿಯಲ್ಲಿ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.