ಟ್ರೇಡ್ ಡೌನ್ ಮಾಡಿದರೆ ಪ್ರತಿ ಸಲವೂ ಲಾಭ ತೋರಿಸುವ ಶೀಟ್: ತಪ್ಪು ಎಲ್ಲಿದೆ?

ಹದಿನೇಳು_ಪಿಕ್:

ನಮಸ್ಕಾರ. ಎರಡು ವಾರದಿಂದ ತಲೆ ಕೆಡಿಸಿಕೊಂಡಿರುವ ಒಂದು ಸಮಸ್ಯೆ.

ನಾವು ಎಂಟು ಜನ ಸ್ನೇಹಿತರು. ಮೂವರು ಡಲ್ಲಾಸ್ ಕಡೆ, ಉಳಿದವರು ಬೆಂಗಳೂರು, ಮೈಸೂರಿನಲ್ಲಿ. ಪ್ರತಿ ವರ್ಷ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ, ಮುಂಚೆ ನಾವೇ ಒಂದು ಮಾಕ್ (ಅಣಕು) ಡ್ರಾಫ್ಟ್ ಆಡುತ್ತೇವೆ. ತಲೆಗೆ ನಾಲ್ಕು ತಂಡ. ಪಿಕ್‌ಗಳನ್ನು (ಆರಿಸುವ ಸರದಿಗಳನ್ನು) ಬದಲಾಯಿಸಿಕೊಳ್ಳಬಹುದು. ಮೇಲಿನ ಪಿಕ್ ಕೊಟ್ಟು ಕೆಳಗಿನ ಹಲವು ತಗೊಂಡರೆ ಅದು ಟ್ರೇಡ್ ಡೌನ್. ಈ ಸಲ ಟ್ರೇಡ್ ಲೆಕ್ಕ ಹಾಕಲು ನಾನೇ ಒಂದು ಶೀಟ್ ಮಾಡಿದೆ.

ಎ ಕಾಲಂನಲ್ಲಿ ಪಿಕ್ ಸಂಖ್ಯೆ. ಬಿ ಕಾಲಂನಲ್ಲಿ ಜಿಮ್ಮಿ ಜಾನ್ಸನ್ ಚಾರ್ಟ್‌ನ, ಅಂದರೆ ಪಿಕ್‌ಗಳ ಬೆಲೆಪಟ್ಟಿಯ, ಅಂಕ (1ನೇ ಪಿಕ್‌ಗೆ 3000, 2ಕ್ಕೆ 2600, ಹೀಗೆ). ಸಿ ಕಾಲಂನಲ್ಲಿ ಇನ್ನೊಂದು ಚಾರ್ಟ್. ಅದು ಆಟಗಾರರು ಮುಂದೆ ಪಡೆದ ಸಂಬಳ ನೋಡಿ ಮಾಡಿದ್ದು. ಅದರಲ್ಲೂ 1ನೇ ಪಿಕ್‌ಗೆ 3000, ಆದರೆ ಇಳಿಜಾರು ತುಂಬಾ ನಿಧಾನ.

ಸಮಸ್ಯೆ ಏನಂದರೆ, ಯಾವ ಟ್ರೇಡ್ ಹಾಕಿದರೂ ಶೀಟ್ ‘ಕೆಳಗಿಳಿ, ಲಾಭ’ ಅನ್ನುತ್ತದೆ. ನಾನೂ ನಂಬಿ 6ನೇ ಪಿಕ್‌ನಿಂದ ಶುರು ಮಾಡಿ ಇಳಿಯುತ್ತಲೇ ಹೋದೆ. ಕೊನೆಗೆ ಕೈಯಲ್ಲಿ 17 ಪಿಕ್. ಮೊದಲನೆಯದೇ 41. ಎಲ್ಲರೂ ನಕ್ಕರು, ಅದಕ್ಕೇ ಈ ಹೆಸರು. ಆದರೆ ಶೀಟ್ ಪ್ರಕಾರ ನಾನೇ ಗೆದ್ದವನು!

ಇನ್ನೊಂದು. 102ನೇ ಪಿಕ್ ಹಾಕಿದರೆ 116 ಅಂಕ ಬರುತ್ತಿದೆ. ಚಾರ್ಟ್‌ನಲ್ಲಿ 92 ಇದೆ. ಎರಡಕ್ಕೂ ಒಂದೇ ಕಾರಣವಾ?

ಕಾಫಿ_ಬ್ಲಿಟ್ಜ್:

ಎರಡೂ ಬೇರೆ ಬೇರೆ ಇರಬೇಕು. ಮೊದಲು ಸುಲಭದ್ದು: ವಿ-ಲುಕಪ್‌ನ (ಪಟ್ಟಿಯಿಂದ ಬೆಲೆ ಹುಡುಕುವ ಸೂತ್ರದ) ನಾಲ್ಕನೇ ಜಾಗದಲ್ಲಿ ಏನು ಬರೆದಿದ್ದೀರಿ? ಕಾಂಪೆನ್ಸೇಟರಿ (ಪರಿಹಾರದ) ಪಿಕ್‌ಗಳನ್ನು ಎಲ್ಲಿ ಸೇರಿಸಿದ್ದೀರಿ?

ಹದಿನೇಳು_ಪಿಕ್:

ನಾಲ್ಕನೇ ಜಾಗ ಖಾಲಿ ಬಿಟ್ಟಿದ್ದೆ. ಕಾಂಪೆನ್ಸೇಟರಿ ಪಿಕ್‌ಗಳು ಮರೆತೇ ಹೋಗಿದ್ದವು. 97ರಿಂದ 105ರವರೆಗಿನದನ್ನು ಆಮೇಲೆ ಪಟ್ಟಿಯ ಕೆಳಗೆ ಅಂಟಿಸಿದೆ.

ಕಾಫಿ_ಬ್ಲಿಟ್ಜ್:

ಅಲ್ಲೇ ಇದೆ. ನಾಲ್ಕನೇ ಜಾಗ ಖಾಲಿ ಬಿಟ್ಟರೆ ಅದು ‘ಹತ್ತಿರದ್ದು ಸಾಕು’ ಅಂದುಕೊಂಡು ಹುಡುಕುತ್ತದೆ. ಪಟ್ಟಿ ಏರಿಕೆಯ ಕ್ರಮದಲ್ಲಿದೆ ಅಂತಲೂ ನಂಬಿಬಿಡುತ್ತದೆ. ನಿಮ್ಮ ಪಟ್ಟಿಯಲ್ಲಿ 96 ಆದಮೇಲೆ ನೇರ 106. ಹಾಗಾಗಿ 102 ಕೇಳಿದರೆ 96ರ ಹತ್ತಿರ ನಿಂತು ಅದರ ಬೆಲೆ ಕೊಡುತ್ತದೆ. 96ರ ಬೆಲೆ 116 ತಾನೇ? ಆ ಜಾಗದಲ್ಲಿ ‘ಫಾಲ್ಸ್’ ಹಾಕಿ, ಪಟ್ಟಿಯನ್ನೂ ಒಮ್ಮೆ ಸಾರ್ಟ್ ಮಾಡಿ.

ಹೊಸಬರಿಗೆ ಒಂದು ಮಾತು. 32 ತಂಡ, ಮೂರು ಸುತ್ತು ಅಂದರೆ 96. ಅದಕ್ಕೆ ನಾಲ್ಕನೇ ಸುತ್ತು 97ಕ್ಕೆ ಶುರುವಾಗುತ್ತದೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಆಗಲ್ಲ. ಆಟಗಾರರನ್ನು ಕಳೆದುಕೊಂಡ ತಂಡಗಳಿಗೆ ಪರಿಹಾರವಾಗಿ ಕೊಡುವ ಪಿಕ್‌ಗಳು ಮೂರನೇ ಸುತ್ತಿನಿಂದ ಏಳನೇ ಸುತ್ತಿನವರೆಗೆ ಪ್ರತಿ ಸುತ್ತಿನ ಕೊನೆಗೆ ಬರುತ್ತವೆ. 2017ರಿಂದ ಅವನ್ನೂ ಟ್ರೇಡ್ ಮಾಡಬಹುದು. ಆದ್ದರಿಂದ ಶೀಟ್‌ನಲ್ಲಿ ಇರಲೇಬೇಕು.

ಶೀಟ್_ಮೇಷ್ಟ್ರು:

ದೊಡ್ಡ ಸಮಸ್ಯೆಗೆ ಬರೋಣ. ಒಂದು ಪರೀಕ್ಷೆ ಮಾಡಿ. 20ನೇ ಪಿಕ್ ಕೊಟ್ಟು ಅದೇ 20ನೇ ಪಿಕ್ ವಾಪಸ್ ತಗೊಳ್ಳಿ. ಶೀಟ್ ಏನು ಹೇಳುತ್ತದೆ?

ಹದಿನೇಳು_ಪಿಕ್:

ಅಯ್ಯೋ. ಆರುನೂರಕ್ಕೂ ಜಾಸ್ತಿ ಲಾಭ ಅನ್ನುತ್ತಿದೆ.

ಶೀಟ್_ಮೇಷ್ಟ್ರು:

ಸೊನ್ನೆ ಬರಬೇಕಿತ್ತು. ನೀವು ಕೊಡುವ ಪಿಕ್‌ನ ಬೆಲೆಯನ್ನು ಬಿ ಕಾಲಂನಿಂದ ತೆಗೆಯುತ್ತಿದ್ದೀರಿ, ತಗೊಳ್ಳುವ ಪಿಕ್‌ನ ಬೆಲೆಯನ್ನು ಸಿ ಕಾಲಂನಿಂದ. ಕೊಡುವಾಗ ಸೇರು ಅಂತ ಅಳೆದದ್ದನ್ನೇ ತಗೊಳ್ಳುವಾಗ ಪಾವಿನಲ್ಲಿ ಎಣಿಸಿದ ಹಾಗೆ. ಒಂದಿದ್ದದ್ದು ನಾಲ್ಕಾಗಿ ಕಾಣುತ್ತದೆ, ಅಕ್ಕಿ ಅಷ್ಟೇ ಇರುತ್ತದೆ.

ಎರಡೂ ಕಡೆ ಬಿ ಕಾಲಂ ಹಾಕಿ. ಆಮೇಲೆ ನಿಜವಾಗಿ ನಡೆದ ಎರಡು ಟ್ರೇಡ್ ಹಾಕಿ ನೋಡಿ.

ಒಂದು, 2012. ರ‍್ಯಾಮ್ಸ್ ತಮ್ಮ 6ನೇ ಪಿಕ್ ಅನ್ನು ಕೌಬಾಯ್ಸ್‌ಗೆ ಕೊಟ್ಟು 14 ಮತ್ತು 45 ತಗೊಂಡರು.

ಎರಡು, 2011. ಬ್ರೌನ್ಸ್ ತಮ್ಮ 6ನೇ ಪಿಕ್ ಅನ್ನು ಫಾಲ್ಕನ್ಸ್‌ಗೆ ಕೊಟ್ಟರು. ಬದಲಿಗೆ ಸಿಕ್ಕಿದ್ದು 27, 59, 124, ಜೊತೆಗೆ 2012ರ ಮೊದಲ ಸುತ್ತಿನ ಮತ್ತು ನಾಲ್ಕನೇ ಸುತ್ತಿನ ಪಿಕ್. ಆ ಎರಡು ಪಿಕ್‌ಗಳು ಮರುವರ್ಷ 22 ಮತ್ತು 118 ಆದವು.

ಹದಿನೇಳು_ಪಿಕ್:

20ಕ್ಕೆ 20 ಈಗ ಸೊನ್ನೆ. ಸಮಾಧಾನವಾಯಿತು.

2012ರದ್ದು: ಕೊಟ್ಟಿದ್ದು 1600, ಬಂದಿದ್ದು 1100 + 450 = 1550. ರ‍್ಯಾಮ್ಸ್‌ಗೆ 50 ನಷ್ಟ.

2011ರದ್ದು: ಕೊಟ್ಟಿದ್ದು 1600. ಬಂದಿದ್ದು 680 + 310 + 48 + 780 + 58 = 1876. ಬ್ರೌನ್ಸ್‌ಗೆ 276 ಲಾಭ! ಇದಾದರೂ ಸರಿ ಇದೆಯಾ?

ಶೀಟ್_ಮೇಷ್ಟ್ರು:

2012ರದ್ದು ಸರಿ ಇದೆ. 50 ಅಂಕ ಅಂದರೆ ನಾಲ್ಕನೇ ಸುತ್ತಿನ ಒಂದು ಪಿಕ್‌ನಷ್ಟು. ಅಷ್ಟು ಹಿಂದೆಮುಂದೆ ಆಗುವುದು ಮಾಮೂಲು. ಈ ಚಾರ್ಟ್ ಹುಟ್ಟಿದ ರೀತಿಯೇ ಹಾಗೆ. 1990ರ ದಶಕದ ಶುರುವಿನಲ್ಲಿ ಡಲ್ಲಾಸ್ ತಂಡದವರಿಗಾಗಿ ಮೈಕ್ ಮೆಕಾಯ್ ಅನ್ನುವವರು, ಹಿಂದಿನ ಕೆಲವು ವರ್ಷ ನಡೆದ ಟ್ರೇಡ್‌ಗಳನ್ನು ನೋಡಿ, ಜನ ಏನು ಬೆಲೆ ಕೊಟ್ಟಿದ್ದಾರೆ ಅಂತ ಲೆಕ್ಕ ಹಾಕಿದರು. ಕೋಚ್ ಜಿಮ್ಮಿ ಜಾನ್ಸನ್ ಹೆಸರು ಅದಕ್ಕೆ ಅಂಟಿಕೊಂಡಿತು. ಅಂದರೆ ಇದು ಸಂತೆಯ ಧಾರಣೆ. ಆ ಪಿಕ್‌ನಲ್ಲಿ ಸಿಗುವ ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ ಅನ್ನುವುದು ಇದರಲ್ಲಿ ಇಲ್ಲ.

2011ರದ್ದರಲ್ಲಿ ಮಾತ್ರ ತಪ್ಪು ಇದೆ. ಟ್ರೇಡ್ ಆದ ದಿನ ಅದು 22ನೇ ಪಿಕ್ ಆಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಮೇಲಾಗಿ ಮುಂದಿನ ವರ್ಷದ ಪಿಕ್‌ಗೆ ಇವತ್ತಿನ ಪೂರ್ತಿ ಬೆಲೆ ಕೊಡುವವರು ಯಾರೂ ಇಲ್ಲ. ವರ್ಷಕ್ಕೆ ಒಂದು ಸುತ್ತು ಕೆಳಗೆ ಇಳಿಸಿ ಲೆಕ್ಕ ಹಾಕುವುದು ಹಳೆಯ ರೂಢಿ. ಮುಂದಿನ ವರ್ಷದ ಮೊದಲ ಸುತ್ತನ್ನು ಈ ವರ್ಷದ ಎರಡನೇ ಸುತ್ತಿನ ಮಧ್ಯ ಅಂತ ಹಿಡಿಯಿರಿ. 48ನೇ ಪಿಕ್ ಅಂದುಕೊಂಡರೆ 420. ನಾಲ್ಕನೇ ಸುತ್ತಿನದು ಐದನೇ ಸುತ್ತಾಗುತ್ತದೆ, ಸುಮಾರು 30. ಈಗ ಕೂಡಿಸಿ: 1038 + 420 + 30 = 1488. ನಿಮ್ಮ 276 ಲಾಭ ಹೋಗಿ ನೂರು ಚಿಲ್ಲರೆ ನಷ್ಟ ಬಂತು.

ಆಮೇಲೆ ಏನಾಯಿತು ಅನ್ನುವುದೂ ನೋಡಬೇಕಲ್ವಾ? ಫಾಲ್ಕನ್ಸ್ ಆ 6ನೇ ಪಿಕ್‌ನಲ್ಲಿ ಜೂಲಿಯೋ ಜೋನ್ಸ್ ಅನ್ನು ತಗೊಂಡರು. 2015ರ ಒಂದೇ ಸೀಸನ್‌ನಲ್ಲಿ ಪಾಸ್ ಹಿಡಿದು 1871 ಯಾರ್ಡ್ ಗಳಿಸಿದ ಮನುಷ್ಯ. ಬ್ರೌನ್ಸ್ 27ರಿಂದ ಮತ್ತೆ 21ಕ್ಕೆ ಹತ್ತಿದರು, ಅದಕ್ಕೆ ಮೂರನೇ ಸುತ್ತಿನ ಪಿಕ್ ಒಂದನ್ನು ಕಳೆದುಕೊಂಡರು, ಫಿಲ್ ಟೇಲರ್ ಅನ್ನು ತಗೊಂಡರು. 59ರಲ್ಲಿ ಗ್ರೆಗ್ ಲಿಟಲ್. ಮರುವರ್ಷದ 22ರಲ್ಲಿ ಬ್ರ್ಯಾಂಡನ್ ವೀಡನ್. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು), ಆಗಲೇ 28 ವಯಸ್ಸು. ಐದು ಪಿಕ್ ಸಿಕ್ಕಿದ್ದು ಒಳ್ಳೆಯದೇ. ಆರಿಸಿದ್ದು ಕೆಟ್ಟದ್ದು. ಇದನ್ನು ಯಾವ ಕಾಲಂನಲ್ಲಿ ಹಾಕುತ್ತೀರಿ, ಹೇಳಿ.

ಮಂಡಿನೋವು_ಲೈನ್‌ಮನ್:

ಸ್ವಲ್ಪ ತಡೆಯಿರಿ ಮೇಷ್ಟ್ರೇ. ಇವರ ಶೀಟ್ ತಪ್ಪು ದಾರಿಯಲ್ಲಿ ಹೋಗಿ ಸರಿ ಉತ್ತರಕ್ಕೇ ಬಂದಿದೆ ಅನ್ನಿಸುತ್ತದೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಇದನ್ನೇ ಅಲ್ವಾ ತೋರಿಸಿದ್ದು? ಮೇಲಿನ ಪಿಕ್‌ಗೆ ತಂಡಗಳು ಅತಿ ಬೆಲೆ ಕೊಡುತ್ತವೆ, ಕೆಳಗಿಳಿದವನಿಗೇ ಲಾಭ ಅಂತ. ಥೇಲರ್ 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ, ಸುಮ್ನೆ ಹೇಳಿದ್ದಲ್ಲ.

ಶೀಟ್_ಮೇಷ್ಟ್ರು:

ಒಳ್ಳೆ ಪ್ರಶ್ನೆ. ಅವರು ಹೇಳಿದ್ದರಲ್ಲಿ ನನಗೆ ಇಷ್ಟವಾದದ್ದು ಇದು: ಒಂದೇ ಜಾಗದಲ್ಲಿ ಆಡುವ ಇಬ್ಬರನ್ನು ಒಬ್ಬರ ಹಿಂದೆ ಒಬ್ಬರಂತೆ ಆರಿಸಿದರೆ, ಮೊದಲು ಆರಿಸಿದವನು ಎರಡನೆಯವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ನೂರಕ್ಕೆ 52 ಮಾತ್ರ. ನಾಣ್ಯ ಚಿಮ್ಮಿದ ಹಾಗೇ. ಹಾಗಿದ್ದಮೇಲೆ ಒಂದು ಸಲ ಚಿಮ್ಮುವ ಬದಲು ಮೂರು ಸಲ ಚಿಮ್ಮುವುದು ವಾಸಿ. ಇದು ನಿಜ.

ಆದರೆ ಅವರ ಅಧ್ಯಯನ ಮೊದಲು ಹೊರಬಂದದ್ದು 2005ರಲ್ಲಿ. ಆಗ ಮೇಲಿನ ಪಿಕ್‌ಗಳಿಗೆ ವಿಪರೀತ ಸಂಬಳ. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಅದೇ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಮೇಲಿನ ಪಿಕ್ ಒಂದೇ ವರ್ಷದಲ್ಲಿ ಎಷ್ಟು ಅಗ್ಗವಾಯಿತು ನೋಡಿ. ಕೆಳಗಿಳಿಯುವುದರ ಲಾಭದಲ್ಲಿ ಒಂದು ಪಾಲು ಅಲ್ಲೇ ಕರಗಿತು.

ಸಿ ಕಾಲಂ ಬಿಸಾಕಿ ಅಂತ ನಾನು ಹೇಳುತ್ತಿಲ್ಲ. ಎದುರಿನವನು ಒಪ್ಪುತ್ತಾನಾ ಅಂತ ನೋಡಲು ಎರಡೂ ಕಡೆ ಬಿ. ನಮಗೆ ಒಳ್ಳೆಯದಾ ಅಂತ ನೋಡಲು ಎರಡೂ ಕಡೆ ಸಿ. ಒಂದೇ ಸೂತ್ರದಲ್ಲಿ ಎರಡನ್ನೂ ಕಲಸಬೇಡಿ.

ಹದಿನೇಳು_ಪಿಕ್:

ಹಾಗೆ ಮಾಡಿದೆ. ಆದರೂ ಎರಡೂ ಕಡೆ ಸಿ ಹಾಕಿದರೆ ಕೆಳಗಿಳಿಯುವುದೇ ಲಾಭ ಅನ್ನುತ್ತಿದೆ. ಮೊದಲಿನಷ್ಟು ಅಲ್ಲ, ಆದರೂ.

ಕಾಫಿ_ಬ್ಲಿಟ್ಜ್:

ಯಾಕಂದರೆ ಶೀಟ್‌ಗೆ ಮನೆ ಎಷ್ಟು ದೊಡ್ಡದು ಅಂತ ಗೊತ್ತಿಲ್ಲ. ತಂಡದಲ್ಲಿ ಜಾಗ 53 ಜನಕ್ಕೆ. 17 ಹೊಸಬರನ್ನು ತಂದರೆ ಸೀಸನ್ ಶುರುವಾಗುವ ಮುಂಚೆಯೇ ಅರ್ಧ ಜನರನ್ನು ಮನೆಗೆ ಕಳಿಸಬೇಕಾಗುತ್ತದೆ. ಆರನೇ, ಏಳನೇ ಸುತ್ತಿನ ಹತ್ತು ಪಿಕ್ ಕೂಡಿಸಿದರೂ ಒಬ್ಬ ಲೆಫ್ಟ್ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವನು) ಆಗಲ್ಲ. ನಾನು ನನ್ನ ಶೀಟ್‌ನಲ್ಲಿ ಎಂಟನೇ ಪಿಕ್ ಆದಮೇಲೆ ಬರುವ ಪ್ರತಿಯೊಂದಕ್ಕೂ ಅರ್ಧ ಬೆಲೆ ಹಾಕುತ್ತೇನೆ. ಎಂಟು ಅನ್ನುವುದು ನನ್ನ ಅಂದಾಜು, ನಿಮಗೆ ಬೇಕಾದ್ದು ಹಾಕಿಕೊಳ್ಳಿ.

ಮಂಡಿನೋವು_ಲೈನ್‌ಮನ್:

ಕ್ವಾರ್ಟರ್‌ಬ್ಯಾಕ್ ವಿಷಯ ಬಂದರೆ ಯಾವ ಕಾಲಂ ಕೂಡ ಕೆಲಸಕ್ಕೆ ಬರಲ್ಲ. 2017ರಲ್ಲಿ ಬಿಲ್ಸ್ 10ನೇ ಪಿಕ್ ಅನ್ನು ಚೀಫ್ಸ್‌ಗೆ ಕೊಟ್ಟು 27, 91 ಮತ್ತು 2018ರ ಮೊದಲ ಸುತ್ತಿನ ಪಿಕ್ ತಗೊಂಡರು. ಮೇಷ್ಟ್ರ ಲೆಕ್ಕದಲ್ಲಿ 1300ಕ್ಕೆ ಎದುರಾಗಿ 680 + 136 + 420 = 1236. ನ್ಯಾಯವಾದ ವ್ಯಾಪಾರ. 27ರಲ್ಲಿ ಬಂದ ಟ್ರಿಡೇವಿಯಸ್ ವೈಟ್ ಕೂಡ ಒಳ್ಳೆ ಆಟಗಾರ. ಆದರೆ ಆ 10ರಲ್ಲಿ ಹೋದವನು ಮುಂದೆ ಲೀಗ್‌ನ ದೊಡ್ಡ ಕ್ವಾರ್ಟರ್‌ಬ್ಯಾಕ್ ಆದ ಪ್ಯಾಟ್ರಿಕ್ ಮಹೋಮ್ಸ್!

ಶೀಟ್_ಮೇಷ್ಟ್ರು:

ಆ ಕಥೆಗೆ ಬಾಲ ಇದೆ. ಚೀಫ್ಸ್‌ನಿಂದ ಬಂದ ಆ 2018ರ ಪಿಕ್ 22 ಆಯಿತು. ಬಿಲ್ಸ್ ಅದನ್ನೂ 65ನ್ನೂ ರೇವನ್ಸ್‌ಗೆ ಕೊಟ್ಟು 16 ಮತ್ತು 154 ತಗೊಂಡರು. ಅಂದರೆ ರೇವನ್ಸ್ ಕೆಳಗಿಳಿದರು. ಅಲ್ಲಿಗೇ ನಿಲ್ಲಲಿಲ್ಲ, 22ರಿಂದ 25ಕ್ಕೆ ಇಳಿದು ಟೈಟನ್ಸ್‌ನಿಂದ 125 ಗಿಟ್ಟಿಸಿಕೊಂಡರು. 25ರಲ್ಲಿ ಹೇಡನ್ ಹರ್ಸ್ಟ್. ಆಮೇಲೆ ಅದೇ 125, ತಮ್ಮ 52, ಮರುವರ್ಷದ ಎರಡನೇ ಸುತ್ತಿನ ಪಿಕ್, ಮೂರನ್ನೂ ಈಗಲ್ಸ್‌ಗೆ ಕೊಟ್ಟು 32 ಮತ್ತು 132 ಪಡೆದರು. 32ರಲ್ಲಿ ಲಮಾರ್ ಜಾಕ್ಸನ್. ಮುಂದೆ ಎರಡು ಸಲ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ).

33 ಯಾಕಲ್ಲ, 32 ಯಾಕೆ ಅಂತ ಕೇಳಬಹುದು. ಮೊದಲ ಸುತ್ತಿನ ಆಟಗಾರನ ಒಪ್ಪಂದವನ್ನು ಮಾತ್ರ ಐದನೇ ವರ್ಷಕ್ಕೂ ಮುಂದುವರಿಸುವ ಆಯ್ಕೆ ತಂಡದ ಕೈಯಲ್ಲಿರುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಆ ಒಂದು ವರ್ಷ ದೊಡ್ಡದು. ಚಾರ್ಟ್‌ನಲ್ಲಿ ಮಾತ್ರ 32ಕ್ಕೂ 33ಕ್ಕೂ ಹತ್ತೇ ಅಂಕ ವ್ಯತ್ಯಾಸ (590, 580).

ರೇವನ್ಸ್ ಇಳಿದದ್ದು ಸುಮ್ನೆ ಪಿಕ್ ಗುಡ್ಡೆ ಹಾಕಲಿಕ್ಕಲ್ಲ. ಇಳಿದು ಗಳಿಸಿದ ಚಿಲ್ಲರೆಯಲ್ಲೇ ಮತ್ತೆ ಹತ್ತಿದರು. ನೀವು ಹತ್ತಲೇ ಇಲ್ಲ, ಅದು ನಿಮ್ಮ ತಪ್ಪು. ಶೀಟ್‌ದಲ್ಲ.

ಹದಿನೇಳು_ಪಿಕ್:

ನಿನ್ನೆ ರಾತ್ರಿ ಹೊಸ ಶೀಟ್ ಇಟ್ಟುಕೊಂಡು ಅದೇ ಡ್ರಾಫ್ಟ್ ಅನ್ನು ಒಬ್ಬನೇ ಮತ್ತೆ ಆಡಿದೆ. 6ರಿಂದ 14ಕ್ಕೆ ಒಂದು ಸಲ ಇಳಿದೆ. ಅಲ್ಲಿ ಬೇಕಾಗಿದ್ದ ಟ್ಯಾಕಲ್ ಸಿಕ್ಕ, ನಿಂತೆ. ಇಳಿದಾಗ ಬಂದ ಎರಡನೇ ಸುತ್ತಿನ ಪಿಕ್‌ಗೆ ಐದನೇ ಸುತ್ತಿನದೊಂದು ಸೇರಿಸಿ ನಾಲ್ಕು ಜಾಗ ಹತ್ತಿದೆ. ಒಟ್ಟು ಏಳು ಪಿಕ್. 102ಕ್ಕೆ 92 ಬರುತ್ತಿದೆ. ಸಿ ಕಾಲಂ ಅಳಿಸಿಲ್ಲ, ಬೇರೆ ಹಾಳೆಗೆ ಹಾಕಿದ್ದೇನೆ. ಸಮಸ್ಯೆ ಬಗೆಹರಿಯಿತು ಅಂತ ಗುರುತು ಹಾಕುತ್ತಿದ್ದೇನೆ. ಮೂವರಿಗೂ ಥ್ಯಾಂಕ್ಸ್.

ಕಾಫಿ_ಬ್ಲಿಟ್ಜ್:

ಹಾಗಾದರೆ ಹೆಸರನ್ನೂ ಏಳು_ಪಿಕ್ ಅಂತ ಬದಲಾಯಿಸಿಬಿಡಿ.

ಹದಿನೇಳು_ಪಿಕ್:

ಪ್ರಯೋಜನ ಇಲ್ಲ. ಮೈಸೂರಿನವರು ವಾಟ್ಸಾಪ್ ಗುಂಪಿನ ಹೆಸರನ್ನೇ ‘ಹದಿನೇಳು’ ಅಂತ ಇಟ್ಟಿದ್ದಾರೆ.